ಸೀಲು ಕತ್ತರಿಸಿದ ಮೇಲೆ

ಮೂವರು ವಿಮಾನದಲ್ಲಿ ಊರಿಗೆ ಹೋಗಬೇಕೆಂದರೆ ಒಂಬತ್ತು ಸಾವಿರ ಅಂಗಿ. ಸ್ಟೀಮ್ ಪ್ರೆಸ್ಸನ್ನು ಸರಕಿನ ವಿಮಾನಕ್ಕೆ ಹಾಕಿದರೆ ಇನ್ನೂ ಆರು ಸಾವಿರ. ಹಳೆಯ ವ್ಯಾನು ಎಂಟು ಸಾವಿರಕ್ಕೆ ಸಿಗುತ್ತಿತ್ತು. ಡೀಸೆಲ್ಲು, ದಾರಿಯ ಊಟ, ಗಡಿಗಳಲ್ಲಿ ಕೊಡುವುದು ಎಲ್ಲ ಸೇರಿ ಮೂರು ಸಾವಿರ. ಊರು ಮುಟ್ಟಿದ ಮೇಲೆ ವ್ಯಾನು ಮಾರಿದರೆ ಅರ್ಧ ದುಡ್ಡು ವಾಪಸ್ಸು.

ಅಂಗಿ ಎಂದರೆ ಅಂಗಿಯೇ. ಒಂದು ಅಂಗಿ ಒಗೆದು ಇಸ್ತ್ರಿ ಮಾಡಿಕೊಟ್ಟರೆ ಖರ್ಚು ಕಳೆದು ಕೈಯಲ್ಲಿ ಉಳಿಯುವ ದುಡ್ಡು. ಪರದೇಶದಲ್ಲಿ ಹತ್ತೊಂಬತ್ತು ವರ್ಷ ಲಾಂಡ್ರಿ ನಡೆಸಿದವರಿಗೆ ಬೇರೆ ಲೆಕ್ಕ ತಲೆಗೆ ಹತ್ತುವುದಿಲ್ಲ. ತರಕಾರಿ ಕೊಳ್ಳುವಾಗಲೂ ನಾನು ಮನಸ್ಸಿನಲ್ಲಿ ಕಾಲರ್ ತಿಕ್ಕುತ್ತಿದ್ದೆ.

ಲೆಕ್ಕ ಏನೇ ಇರಲಿ, ನೆಲದ ದಾರಿ ಹಿಡಿಯಲು ನಿಜವಾದ ಕಾರಣ ನಮ್ಮ ಅತ್ತೆ. ಅವರ ಶ್ವಾಸಕೋಶ ಒಮ್ಮೆ ಕುಸಿದು ಸರಿಹೋಗಿತ್ತು. ವಿಮಾನ ಹತ್ತಿಸಲೇಬಾರದು ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಅತ್ತೆಗೆ ಅದರಿಂದ ಬೇಸರವಾಗಲಿಲ್ಲ. "ಮೇಲೆ ಹೋಗೋದು ಹೇಗೂ ಇದ್ದೇ ಇದೆ, ಈಗಲೇ ಯಾಕೆ ಅಭ್ಯಾಸ ಮಾಡ್ಬೇಕು?" ಎಂದರು.

ನಮ್ಮ ಲಾಂಡ್ರಿ ಇದ್ದ ಕಟ್ಟಡವನ್ನು ಕೆಡವುತ್ತಾರೆ ಎಂದು ಮಾಲೀಕ ಹೇಳಿದಾಗಲೇ ನಾನು ಊರಿಗೆ ಹೋಗೋಣ ಎಂದಿದ್ದೆ. ಊರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದು ಓದಿದ ನಮ್ಮ ಒಬ್ಬಳೇ ಮಗಳು ಮದುವೆಯಾಗಿ, ಈಗ ಬಸುರಿ. ಅವಳು ಸಣ್ಣವಳಿದ್ದಾಗ ಹಲ್ಲು ಬಿದ್ದದ್ದನ್ನು, ದೊಡ್ಡವಳಾದದ್ದನ್ನು, ಕೊನೆಗೆ ಮದುವೆಯನ್ನೂ ನಾನು ಫೋನಿನಲ್ಲೇ ನೋಡಿದವಳು. ಮದುವೆಯ ವಾರ ಅತ್ತೆ ಆಸ್ಪತ್ರೆಯಲ್ಲಿದ್ದರು. ಈ ಸಲ ಮಗಳು ಹೆಚ್ಚು ಮಾತಾಡಲಿಲ್ಲ. "ಹೆರಿಗೆ ಹೊತ್ತಿಗೆ ನೀನು ಇರ್ತೀಯಲ್ಲಮ್ಮಾ?" ಎಂದಷ್ಟೇ ಕೇಳಿದಳು. ಇರುತ್ತೇನೆ ಎಂದೆ. ಮೂರು ತಿಂಗಳಿತ್ತು. ನೆಲದ ದಾರಿಗೆ ಒಂದು ತಿಂಗಳು ಬೇಕಾದಷ್ಟಾಯಿತು ಎಂದುಕೊಂಡೆವು.

ನಮ್ಮವರಿಗೆ ಊರೆಂದರೆ ಮಗಳಿಗಿಂತ ಮೊದಲು ಅಂಗಡಿ. ಅವರ ತಮ್ಮ, ಅಂದರೆ ನನ್ನ ಮೈದುನ, ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮಳಿಗೆ ಬಾಡಿಗೆಗೆ ಹಿಡಿದಿದ್ದ. ಅಲ್ಲಿ ಈ ಸ್ಟೀಮ್ ಪ್ರೆಸ್ಸನ್ನು ಕೂರಿಸಬೇಕು. ಪ್ರೆಸ್ಸೆಂದರೆ ಒಂದು ಮಂಚದಷ್ಟು ಉದ್ದದ ಮೆತ್ತನೆಯ ಹಲಗೆ, ಮೇಲಿಂದ ಬಂದು ಕೂರುವ ಬಿಸಿ ಮುಚ್ಚಳ, ಕಾಲಲ್ಲಿ ಒತ್ತುವ ಪೆಡಲು, ಪಕ್ಕದಲ್ಲಿ ಪುಟ್ಟ ಬಾಯ್ಲರು. ಒತ್ತಿದರೆ ಬುಸ್ಸೆಂದು ಹಬೆ ಬಿಟ್ಟು ಹಾಸಿಗೆ ಬಟ್ಟೆಯೊಂದನ್ನು ಕಣ್ಣು ಮಿಟುಕಿಸುವುದರಲ್ಲಿ ಹಾಳೆಯಂತೆ ಮಾಡಿಬಿಡುತ್ತದೆ. ಹಿಂದೆ ಊರಿನಲ್ಲಿ ನಮ್ಮವರು ಒಂದು ಕಾಂಪೌಂಡ್ ಗೋಡೆಯ ಪಕ್ಕ ತಳ್ಳುವ ಗಾಡಿ ನಿಲ್ಲಿಸಿಕೊಂಡು, ಕೆಂಡದ ಇಸ್ತ್ರಿ ಪೆಟ್ಟಿಗೆಯಲ್ಲಿ ಬಟ್ಟೆ ತೀಡುತ್ತಿದ್ದರು. ಆ ಗಾಡಿ ಬಿಟ್ಟು ಹೊರಟ ದಿನ "ಇನ್ನು ಜನ್ಮದಲ್ಲಿ ಕೆಂಡ ಊದಲ್ಲ" ಎಂದಿದ್ದರಂತೆ. ಪ್ರೆಸ್ಸನ್ನು ಕೊಂಡ ದಿನದಿಂದ ಅದಕ್ಕೆ ಎಣ್ಣೆ ಹಾಕುವುದು, ಬಟ್ಟೆ ಬದಲಿಸುವುದು, ಒರೆಸುವುದು ಎಲ್ಲ ಅವರದೇ. ನನ್ನನ್ನು ಪೆಡಲಿನ ಹತ್ತಿರ ಬಿಡುತ್ತಿರಲಿಲ್ಲ. ಅತ್ತೆ ಅದನ್ನು "ನನ್ನ ಹಿರೀ ಸೊಸೆ" ಎಂದು ಕರೆಯುತ್ತಿದ್ದರು.

ಹೀಗೆ ವ್ಯಾನಿನ ಮುಂದೆ ನಾವಿಬ್ಬರು, ಹಿಂದೆ ಅತ್ತೆ ಮತ್ತು ಅವರ ಹಿರೀ ಸೊಸೆ. ಮೊದಲ ದೇಶದಲ್ಲಿ ರಸ್ತೆಗಳು ನೇರ, ಗಡಿಯಲ್ಲಿ ಒಬ್ಬ ಹುಡುಗಿ ನಮ್ಮ ಮುಖ ನೋಡದೆಯೇ ಮುದ್ರೆ ಒತ್ತಿದಳು. ಎರಡನೆಯ ದೇಶದಲ್ಲಿ ಮಳೆ, ಟೈರು ಪಂಚರ್, ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ. ಅತ್ತೆ ವ್ಯಾನಿನ ಹಿಂದಿನ ಕಿಟಕಿಯಿಂದ ಎಲ್ಲವನ್ನೂ ನೋಡುತ್ತ, "ಎಲ್ಲಾ ಕಡೆ ನಾಯಿ ಒಂದೇ ಥರ ಬೊಗಳುತ್ತೆ, ಮನುಷ್ಯರೇ ಬೇರೆ ಬೇರೆ" ಎನ್ನುತ್ತಿದ್ದರು. ನಮ್ಮವರು ಹಾಡು ಗುನುಗುತ್ತಿದ್ದರು. ಅವರು ಹಾಡಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು.

ಮೂರನೆಯ ದೇಶಕ್ಕೆ ಒಳಗೆ ಹೋಗುವ ಗಡಿಯಲ್ಲಿ ಸುಂಕದವರು ವ್ಯಾನು ತೆರೆಸಿದರು. ಪ್ರೆಸ್ಸನ್ನು ಸುತ್ತಲೂ ನೋಡಿದರು. ಅದಕ್ಕೆ ದಪ್ಪ ತಂತಿ ಸುತ್ತಿ, ತಂತಿಯ ತುದಿಗೆ ಸೀಸದ ಬಿಲ್ಲೆ ಹಾಕಿ ಇಕ್ಕಳದಿಂದ ಒತ್ತಿದರು. ಆಮೇಲೆ ನಮ್ಮವರ ಪಾಸ್‌ಪೋರ್ಟಿನಲ್ಲಿ ಒಂದು ದೊಡ್ಡ ಚೌಕದ ಮುದ್ರೆ. ಭಾಷೆ ಬಾರದ ನಮಗೆ ಅಲ್ಲಿದ್ದವನು ಸನ್ನೆಯಲ್ಲಿ ತಿಳಿಸಿದ: ಒಂದು ಬೆರಳು ಮಷಿನ್ನಿಗೆ, ಇನ್ನೊಂದು ನಮ್ಮವರಿಗೆ, ಎರಡೂ ಬೆರಳು ಜೋಡಿಸಿ ಆಚೆಗೆ. ತಂದವನು ತೆಗೆದುಕೊಂಡೇ ಹೊರಗೆ ಹೋಗಬೇಕು.

"ಮದುವೆ ಮಾಡಿಸಿಬಿಟ್ರು ನೋಡೇ," ಎಂದರು ಅತ್ತೆ.

ನಾವೆಲ್ಲ ನಕ್ಕೆವು.

ಆ ದೇಶವನ್ನು ಅಡ್ಡಲಾಗಿ ದಾಟಿ ಆಚೆ ಗಡಿಯ ಊರು ಸೇರಿದಾಗ ಮುಂದಿನ ರಸ್ತೆ ಬಂದ್. ಗುಡ್ಡ ಕುಸಿದಿತ್ತು. ಊರೆಂದರೆ ಇಳಿಜಾರಿನ ಒಂದೇ ಬೀದಿ; ಮೇಲಿನ ತುದಿಯಲ್ಲಿ ಸುಂಕದ ಕಚೇರಿ, ಕೆಳಗಿನ ತುದಿಯಲ್ಲಿ ಲಾಡ್ಜು, ನಡುವೆ ಸಾಲುಗಟ್ಟಿ ನಿಂತ ಲಾರಿಗಳು. ಲಾಡ್ಜಿನಲ್ಲಿ ಕೋಣೆ ಇರಲಿಲ್ಲ. ಆದರೆ ಲಾಡ್ಜಿನಾಕೆ ನಾವಿದ್ದ ದೇಶದಲ್ಲೇ ಹತ್ತು ವರ್ಷ ಹೋಟೆಲ್ ಕೆಲಸ ಮಾಡಿ ಬಂದವಳು, ಅಲ್ಲಿಯ ಭಾಷೆ ನಮ್ಮಷ್ಟೇ ಅರೆಬರೆಯಾಗಿ ಬಲ್ಲವಳು. ಅತ್ತೆಯ ಏದುಸಿರು ಕೇಳಿ, "ಕೆಳಗೆ ಒಗೆಯೋ ಜಾಗ ಇದೆ, ಬೆಚ್ಚಗಿದೆ. ಮಂಚ ಹಾಕಿಸ್ತೀನಿ. ನಿಮಗೆ ಪರವಾಗಿಲ್ವಾ?" ಎಂದಳು.

ಪರವಾಗಿಲ್ಲದಿರುವುದೇನು? ನೆಲಮಾಳಿಗೆಯ ಆ ಕೋಣೆಗೆ ಇಳಿದಾಗ ಸೋಪು, ಹಸಿ ಬಟ್ಟೆ, ಬಿಸಿ ಕೊಳವೆಯ ವಾಸನೆ ಬಂತು. ನನಗೆ ನಮ್ಮ ಲಾಂಡ್ರಿಗೇ ವಾಪಸ್ಸು ಬಂದಂತಾಯಿತು. ಒಂದು ಮೂಲೆಯಲ್ಲಿ ಒಗೆದ ಹಾಸಿಗೆ ಬಟ್ಟೆಗಳ ಗುಡ್ಡೆ ಬಿದ್ದಿತ್ತು. ಸುಕ್ಕುಸುಕ್ಕಾಗಿ, ಅರ್ಧ ಒಣಗಿ, ಮುದ್ದೆಯಾಗಿ. ರಸ್ತೆ ಮುಚ್ಚಿ ಲಾಡ್ಜು ತುಂಬಿಹೋಗಿದ್ದರಿಂದ ಇಸ್ತ್ರಿ ಮಾಡುವವರಿಗೆ ಕೈ ಸಾಲದೆ ಹಾಗೇ ಹಾಸುತ್ತಿದ್ದರು.

ನಮ್ಮವರು ಆ ಗುಡ್ಡೆಯನ್ನು ನೋಡಿದರು. ಆಚೆ ತಿರುಗಿದರು. ಮತ್ತೆ ನೋಡಿದರು. ಊಟ ಬಿಟ್ಟು ಎದ್ದವರನ್ನು ಹಸಿದವನು ನೋಡುವ ಹಾಗಿತ್ತು ಅವರ ಮುಖ.

"ಬೇಡ ರೀ," ಎಂದೆ. ಅವರಿನ್ನೂ ಬಾಯಿ ತೆರೆದಿರಲಿಲ್ಲ.

"ನಾನೇನಂದೆ?"

"ಅದಕ್ಕೆ ತಂತಿ ಸುತ್ತಿದ್ದಾರೆ."

"ತಂತಿ ತಾನೇ? ಬಿಚ್ಚಿ ಕೆಲಸ ಮಾಡಿ ಮತ್ತೆ ಕಟ್ಟಿದ್ರಾಯ್ತು."

ಇದು ನಮ್ಮ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಗಿರಾಕಿಯ ಬಟ್ಟೆಗೆ ಗುರುತಿನ ಚೀಟಿ ಕಟ್ಟುತ್ತೇವೆ, ಒಗೆಯುವಾಗ ಕತ್ತರಿಸುತ್ತೇವೆ, ಇಸ್ತ್ರಿಯಾದ ಮೇಲೆ ಅದೇ ಗುಂಡಿಗೆ ಅದೇ ಗಂಟು ಹಾಕಿ ಕಟ್ಟುತ್ತೇವೆ. ಬಟ್ಟೆ ಬದಲಾಗದಿದ್ದರೆ ಸಾಕು, ಚೀಟಿ ಯಾರು ಬಿಚ್ಚಿದರು ಎಂದು ಯಾವ ಗಿರಾಕಿಯೂ ಕೇಳುವುದಿಲ್ಲ. ಸೀಸದ ಬಿಲ್ಲೆಯನ್ನೂ ನಮ್ಮವರು ಅಂಥ ಚೀಟಿ ಎಂದೇ ತಿಳಿದರು. ಲಾರಿಯವರಿಂದ ಕಟಿಂಗ್ ಪ್ಲೇಯರ್ ತಂದು ತಂತಿ ಕತ್ತರಿಸಿದರು. ನಾಲ್ವರು ಸೇರಿ ಪ್ರೆಸ್ಸನ್ನು ಕೆಳಗೆ ಇಳಿಸಿದರು. ಮರುದಿನ ಸಂಜೆಯ ಹೊತ್ತಿಗೆ ಗುಡ್ಡೆ ಕರಗಿ, ಗೋಡೆಯ ಪಕ್ಕ ಬಿಳೀ ಇಟ್ಟಿಗೆ ಜೋಡಿಸಿದಂತೆ ಹಾಸಿಗೆ ಬಟ್ಟೆಗಳು ನಿಂತಿದ್ದವು. ಲಾಡ್ಜಿನಾಕೆ ಒಂದನ್ನು ಕೆನ್ನೆಗೆ ಒತ್ತಿಕೊಂಡು, "ಇನ್ನು ನಿಮ್ಮ ಊಟಕ್ಕೂ ದುಡ್ಡು ಬೇಡ," ಎಂದಳು.

ರಸ್ತೆ ತೆರೆಯಿತು. ನಮ್ಮವರು ಪ್ರೆಸ್ಸನ್ನು ವ್ಯಾನಿಗೆ ಏರಿಸಿ, ತಂತಿಯನ್ನು ಮತ್ತೆ ಸುತ್ತಿ, ಬಿಲ್ಲೆಯನ್ನು ನೂಲಿನಿಂದ ಎಷ್ಟು ಚೆಂದವಾಗಿ ಕಟ್ಟಿದರೆಂದರೆ ನನಗೂ ಧೈರ್ಯ ಬಂತು. ಸುಂಕದ ಕಚೇರಿಯ ಅಧಿಕಾರಿಗೆ ಗಿಣಿಮೂಗು, ಅದರ ಕೆಳಗೆ ಅಗಲವಾದ ಮೀಸೆ. ಅತ್ತೆ ಅವನಿಗೆ ಮೀಸೆಸಾಹೇಬ ಎಂದು ಹೆಸರಿಟ್ಟರು. ಅವನು ವ್ಯಾನಿನೊಳಗೆ ತಲೆ ಹಾಕಿ ಒಂದೇ ಸಲ ನೋಡಿದ. ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ. ನೂಲು ಕಂಡಿತು. ಅವನಿಗೆ ಸಿಟ್ಟೂ ಬರಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡುವಾಗ ನಿಟ್ಟುಸಿರು ಬಿಡುತ್ತಾರಲ್ಲ, ಹಾಗೆ ಬಿಟ್ಟ. ನಮ್ಮವರ ಪಾಸ್‌ಪೋರ್ಟನ್ನು ತೆಗೆದು ತನ್ನ ಡ್ರಾಯರಿಗೆ ಹಾಕಿಕೊಂಡ.

ಮಾತು ತಿಳಿಯಲು ಲಾಡ್ಜಿನಾಕೆಯನ್ನು ಕರೆದುಕೊಂಡು ಹೋದೆವು. ಅವಳೂ ಅವನೂ ತುಂಬ ಹೊತ್ತು ಮಾತಾಡಿದರು. ಅವಳು ನಮ್ಮ ಕಡೆ ತಿರುಗಿ, "ಸೀಲು ಒಡೆದು ಒಳಗೇ ಉಪಯೋಗಿಸಿದ್ರೆ, ಮಷಿನ್ನನ್ನ ಈ ದೇಶಕ್ಕೇ ತಂದ ಹಾಗಂತೆ. ಸುಂಕ, ದಂಡ ಎರಡೂ ಸೇರಿದ್ರೆ ಇನ್ನೆರಡು ಮಷಿನ್ ಬರುತ್ತೆ. ತಲೆಕಚೇರಿಗೆ ಬರೆದು ಕ್ಷಮೆ ಕೇಳ್ಬಹುದು. ಅಲ್ಲಿಂದ ಉತ್ತರ ಬರೋವರೆಗೆ ಕಾಯ್ಬೇಕು," ಎಂದಳು.

"ಎಷ್ಟು ದಿನ?" ಎಂದೆ.

ಅವಳು ಅವನನ್ನು ಕೇಳಲಿಲ್ಲ. "ಬರುತ್ತೆ," ಎಂದಳು.

ಹೀಗೆ ನಾವು ಮತ್ತೆ ನೆಲಮಾಳಿಗೆಗೆ ಇಳಿದೆವು. ಪ್ರೆಸ್ಸೂ ಇಳಿಯಿತು. ಹೇಗೂ ಸೀಲು ಒಡೆದಿದೆ, ಸುಮ್ಮನೆ ಯಾಕೆ ನಿಲ್ಲಿಸಬೇಕು ಎಂದರು ನಮ್ಮವರು.

ಆ ಕೋಣೆಗೆ ಒಂದೇ ಕಿಟಕಿ, ಅದೂ ಸೂರಿಗೆ ತಾಗಿ, ಬೀದಿಯ ಮಟ್ಟಕ್ಕೆ. ಅಲ್ಲಿಂದ ಕಾಣುವುದು ಜನರ ಕಾಲು ಮಾತ್ರ. ಬೂಟು, ಚಪ್ಪಲಿ, ಲಾರಿಯ ಚಕ್ರ, ಮಳೆ ಬಂದರೆ ಹನಿಯ ಸಿಡಿತ. ಬಾಗಿಲಿನಿಂದ ಒಗೆಯುವ ಮಷಿನ್ನಿಗೆ ಹತ್ತು ಹೆಜ್ಜೆ, ಅಲ್ಲಿಂದ ಪ್ರೆಸ್ಸಿಗೆ ನಾಲ್ಕು, ಪ್ರೆಸ್ಸಿನಿಂದ ಅತ್ತೆಯ ಮಂಚಕ್ಕೆ ಕೈ ಚಾಚಿದರೆ ಸಾಕು. ಹಬೆಯಿಂದ ಅತ್ತೆಯ ಉಸಿರು ಸಲೀಸಾಯಿತು ಎನ್ನುವುದೊಂದೇ ಲಾಭ. ನನಗೆ ಮಾತ್ರ ಗೋಡೆ ದಿನಕ್ಕಿಷ್ಟು ಹತ್ತಿರ ಬಂದಂತೆ ಅನಿಸುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗಗಳ ನಡುವೆ ನಡೆಯುವಾಗ ಒದ್ದೆ ಬಟ್ಟೆ ಮುಖಕ್ಕೆ ತಾಗಿದರೆ ಒಮ್ಮೊಮ್ಮೆ ಕಿರುಚಬೇಕೆನ್ನಿಸಿ, ಕಿರುಚದೆ, ಕ್ಲಿಪ್ಪು ಎಣಿಸುತ್ತಿದ್ದೆ.

ಮಗಳು ಫೋನಿನಲ್ಲಿ, "ಎಲ್ಲಿದೀಯಮ್ಮಾ?" ಎನ್ನುತ್ತಿದ್ದಳು.

"ದಾರಿಯಲ್ಲಿದೀನಿ ಮಗಳೇ."

"ಹೋದ ವಾರಾನೂ ಅದನ್ನೇ ಅಂದೆ."

"ದಾರಿ ಉದ್ದ ಇದೆ."

ಲಾಡ್ಜಿನಾಕೆ ವಾರಕ್ಕೊಮ್ಮೆ ನಮ್ಮವರನ್ನು ಕರೆದುಕೊಂಡು ಮೀಸೆಸಾಹೇಬನ ಹತ್ತಿರ ಹೋಗಿಬರುತ್ತಿದ್ದಳು. "ಇನ್ನೂ ಉತ್ತರ ಬಂದಿಲ್ವಂತೆ" ಎಂದು ನಮ್ಮವರು ಮೆಟ್ಟಿಲಿಳಿಯುತ್ತಲೇ ಹೇಳಿ, ಸೀದಾ ಪ್ರೆಸ್ಸಿನ ಎದುರು ನಿಲ್ಲುತ್ತಿದ್ದರು. ಬರಬರುತ್ತ ಸುಂಕದ ಕಚೇರಿಯ ಯೂನಿಫಾರ್ಮುಗಳೂ ನಮ್ಮಲ್ಲಿಗೇ ಬರತೊಡಗಿದವು. ಮೀಸೆಸಾಹೇಬನ ಪ್ಯಾಂಟಿನ ಗೆರೆ ಚಾಕುವಿನ ಬಾಯಿಯ ಹಾಗೆ ನಿಲ್ಲುತ್ತಿತ್ತು. ಆಗ ನನಗೊಂದು ಅನುಮಾನ ಹುಟ್ಟಿತು. ಇಷ್ಟು ಚೆನ್ನಾಗಿ ಪುಕ್ಕಟೆ ಇಸ್ತ್ರಿ ಆಗುತ್ತಿರುವಾಗ ನಮ್ಮನ್ನು ಬಿಡಲು ಯಾರಿಗೆ ಮನಸ್ಸು ಬಂದೀತು?

"ರೀ, ಒಂದು ಅಂಗಿ ಕೆಡಿಸಿ," ಎಂದೆ ಒಂದು ಮಧ್ಯಾಹ್ನ.

"ಏನು?"

"ಮೀಸೆಸಾಹೇಬನ ಅಂಗಿ. ತೋಳಿಗೆ ಎರಡು ಗೆರೆ ಬರೋ ಹಾಗೆ ಒತ್ತಿ. ಕಾಲರ್ ಸೊಟ್ಟ ಮಾಡಿ. ನಾಲ್ಕು ದಿನ ಹಾಗೆ ಕಳಿಸಿದ್ರೆ ತೊಲಗಲಿ ಅಂತ ಅವನೇ ಪಾಸ್‌ಪೋರ್ಟ್ ಬಿಸಾಕ್ತಾನೆ."

ಅತ್ತೆ ಮಂಚದಿಂದಲೇ, "ಒಳ್ಳೇ ಬುದ್ಧಿ. ನಮ್ಮ ಮನೆಗೆ ಬರೋಕ್ ಮುಂಚೆ ನಿಂಗಿಷ್ಟು ಬುದ್ಧಿ ಇರ್ಲಿಲ್ಲ," ಎಂದರು.

ನಮ್ಮವರು ತಲೆ ಕೆರೆದುಕೊಂಡು ಒಂದು ಅಂಗಿ ಹರವಿದರು. ತೋಳನ್ನು ಓರೆಯಾಗಿ ಇಟ್ಟರು. ಪೆಡಲು ಒತ್ತಿದರು. ಬುಸ್ಸೆಂದಿತು. ಮುಚ್ಚಳ ಎದ್ದಾಗ ತೋಳಿಗೆ ಎರಡು ಗೆರೆ ಬಂದಿದ್ದವು. ಅದನ್ನು ನೋಡುತ್ತ ನಿಂತರು. ಹಣೆಯಲ್ಲಿ ಬೆವರು. ನಾನು ಆ ಕಡೆ ತಿರುಗಿ ಬಕೆಟ್ಟು ಎತ್ತುವಷ್ಟರಲ್ಲಿ ಮತ್ತೆ ಬುಸ್ಸೆಂದಿತು. ತಿರುಗಿ ನೋಡಿದರೆ ತೋಳು ಸರಿಯಾಗಿತ್ತು.

"ಕೈ ಕೇಳಲ್ಲ ಕಣೇ," ಎಂದರು. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕರು.

ಈ ದೇಶದಲ್ಲಿರಲು ನನಗೂ ಅತ್ತೆಗೂ ಕೊಟ್ಟಿದ್ದ ಪರವಾನಗಿ ಒಮ್ಮೆ ಮುಗಿದು, ಒಮ್ಮೆ ಮುಂದುವರಿದಿತ್ತು. ಇನ್ನೊಮ್ಮೆ ಮುಂದುವರಿಸುವುದಿಲ್ಲ ಎಂದು ಪರವಾನಗಿಗೆ ಮುದ್ರೆ ಒತ್ತುವವನು ಸನ್ನೆಯಲ್ಲೇ ಹೇಳಿದ್ದ. ಮಗಳಿಗೆ ದಿನ ತುಂಬುತ್ತ ಬಂದಿತ್ತು. "ನೀನೊಬ್ಬಳೇ ದೊಡ್ಡ ಊರಿಗೆ ಹೋಗಿ ವಿಮಾನ ಹತ್ತು," ಎಂದು ನಮ್ಮವರು ಎರಡು ಸಲ ಹೇಳಿದರು. ನಾನು ಹೋದರೆ ಅತ್ತೆಗೆ ಸ್ನಾನ ಮಾಡಿಸುವವರು ಯಾರು? ಅದಕ್ಕಿಂತ ಹೆಚ್ಚಾಗಿ, ನಾನು ಹೊರಟರೆ ಇವರು ಇಲ್ಲೇ ಬೇರು ಬಿಡುತ್ತಾರೆ ಎಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಬಿಟ್ಟು ಹೋಗಲೂ ಆಗದೆ, ಇರಲೂ ಆಗದೆ ಒಗೆಯುವ ಮಷಿನ್ನಿನ ಗಾಜಿನ ಬಾಗಿಲಿನಲ್ಲಿ ಬಟ್ಟೆ ಸುತ್ತುವುದನ್ನು ನೋಡುತ್ತ ಕೂರುತ್ತಿದ್ದೆ.

ಒಂದು ದಿನ ಲಾಡ್ಜಿನಾಕೆ ಸಂತೆಗೆ ಹೋಗಿದ್ದಳು. ನಮ್ಮವರು ಬಾಯ್ಲರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದರು. ಯೂನಿಫಾರ್ಮುಗಳ ಕಟ್ಟನ್ನು ಹೊತ್ತು ಕಚೇರಿಗೆ ನಾನೇ ಹೋದೆ. ಮೀಸೆಸಾಹೇಬ ಕಟ್ಟು ತೆಗೆದುಕೊಂಡು ನನ್ನನ್ನೇ ನೋಡಿದ. ಏನೋ ಕೇಳಿದ. ನನಗೆ ತಿಳಿಯಲಿಲ್ಲ. ಅಲ್ಲೇ ಬೆಂಚಿನ ಮೇಲೆ ಒಬ್ಬ ಲಾರಿ ಡ್ರೈವರ್ ತನ್ನ ಕಾಗದಗಳಿಗಾಗಿ ಕಾಯುತ್ತಿದ್ದ. ನಾವಿದ್ದ ದೇಶಕ್ಕೆ ಸರಕು ಹೊಡೆಯುವವನು, ಅಲ್ಲಿಯ ಭಾಷೆ ಬರುತ್ತಿತ್ತು.

"ನಿಮಗೆ ಈ ಊರು ಅಷ್ಟು ಇಷ್ಟ ಆಯ್ತಾ ಅಂತ ಕೇಳ್ತಿದ್ದಾರೆ," ಎಂದ ಡ್ರೈವರ್.

"ಇಷ್ಟಾನಾ? ತಲೆಕಚೇರಿ ಉತ್ತರ ಬಂದಿಲ್ಲ ಅಂತ ತಾನೇ ಕೂತಿರೋದು?"

ಅವರಿಬ್ಬರೂ ಮಾತಾಡಿದರು. ಡ್ರೈವರ್ ಕಿವಿ ಕೆರೆದುಕೊಂಡ. ಬೇರೆಯವರ ಮನೆಯ ಮಾತಿನಲ್ಲಿ ಕಾಲಿಟ್ಟೆನಲ್ಲ ಎಂದು ಅವನಿಗೆ ಆಗಲೇ ಅನಿಸಿರಬೇಕು.

"ಅಕ್ಕಾ, ಇವರು ಹೇಳೋದು ಏನಂದ್ರೆ, ಉತ್ತರಕ್ಕೆ ಕಾಯೋದು ಒಂದು ದಾರಿ. ಇನ್ನೊಂದು ದಾರಿ ಇದೆ ಅಂತ ಮೊದಲನೇ ವಾರವೇ ಹೇಳಿದ್ದಾರಂತೆ. ಮಷಿನ್ ನನಗೆ ಬೇಡ ಅಂತ ಒಂದು ಸಹಿ ಹಾಕಿದ್ರೆ ಅದು ಸರ್ಕಾರದ್ದಾಗುತ್ತೆ. ಪಾಸ್‌ಪೋರ್ಟ್ ಅವತ್ತೇ ವಾಪಸ್ಸು. ನಿಮ್ಮ ಯಜಮಾನರು ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರಂತೆ. ಬಂದಾಗೆಲ್ಲಾ ಇವರು ಕೇಳ್ತಾರಂತೆ, ಬಂದಾಗೆಲ್ಲಾ ಅವರು ಅದನ್ನೇ ಅಂತಾರಂತೆ."

ಮೀಸೆಸಾಹೇಬ ಡ್ರಾಯರ್ ಎಳೆದು ಪಾಸ್‌ಪೋರ್ಟು ತೋರಿಸಿದ. ಮೇಲೆಯೇ ಇತ್ತು.

ಇಳಿಜಾರಿನಲ್ಲಿ ಇಳಿದು ಬರುವಾಗ ನನಗೆ ಬಂದದ್ದು ಸಿಟ್ಟಲ್ಲ, ನಾಚಿಕೆ. ಇಷ್ಟು ದಿನ ಬೀಗ ಹುಡುಕುತ್ತ ಊರೆಲ್ಲ ನೋಡಿದ್ದೆ, ಮಗ್ಗುಲಲ್ಲಿ ಮಲಗಿದ್ದವರನ್ನು ನೋಡಿರಲಿಲ್ಲ.

ಲಾಡ್ಜಿನ ಬಾಗಿಲಲ್ಲಿ ಲಾಡ್ಜಿನಾಕೆ ಸಂತೆಯ ಚೀಲ ಇಳಿಸುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ನಿನ್ನ ಗಂಡ ಹೇಳ್ಬೇಡ ಅಂದ," ಎಂದಳು. "ನಾನು ಅವನ ಮಾತು ಕೇಳ್ಲಾ, ನಿನ್ನ ಮಾತು ಕೇಳ್ಲಾ? ನಂಗೆ ಮೂವತ್ತೆರಡು ಹಾಸಿಗೆ ಇದೆ ತಾಯಿ." ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮೂವತ್ತೆರಡು ಹಾಸಿಗೆ ಇದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಕೆಳಗಿಳಿದೆ. ನಮ್ಮವರು ಒಂದು ದಿಂಬಿನ ಕವರು ಮಡಿಸುತ್ತಿದ್ದರು.

"ಸಹಿ ಹಾಕಿದ್ರೆ ಬಿಡ್ತಾರಂತೆ," ಎಂದೆ.

ಕವರನ್ನು ಮಡಿಸಿ ಇಟ್ಟರು. ಇನ್ನೊಂದು ತೆಗೆದುಕೊಂಡರು.

"ಮಗಳ ಹತ್ರ ದಿನಾ ಸುಳ್ಳು ಹೇಳ್ಸಿದ್ರಲ್ಲ ನನ್ನ ಕೈಲಿ."

"ಉತ್ತರ ಬಂದೇ ಬರುತ್ತೆ ಅಂದ್ಕೊಂಡೆ. ನಾಳೆ ಬರಬಹುದು, ನಾಡಿದ್ದು ಬರಬಹುದು. ಇವತ್ತು ಸಹಿ ಹಾಕಿ ನಾಳೆ ಉತ್ತರ ಬಂದ್ರೆ?"

"ಬರದಿದ್ರೆ?"

"ಊರಲ್ಲಿ ಏನಂತ ಇಳೀಲಿ ಹೇಳು. ತಮ್ಮ ಮಳಿಗೆ ಹಿಡಿದು ಬೋರ್ಡ್ ಬರೆಸಿದಾನೆ. ಬರಿಗೈಲಿ ಇಳಿದು, ಮತ್ತೆ ಅದೇ ಗೋಡೆ ಪಕ್ಕ ಗಾಡಿ ನಿಲ್ಸಿ ಕೆಂಡ ಊದ್ಲಾ?"

"ಊದೋಣ. ನಾನೂ ಊದ್ತೀನಿ."

"ನೀನು ಊದ್ತೀಯ. ನಿಂಗೆ ನಾಚಿಕೆ ಇಲ್ಲ."

"ಇಲ್ಲ. ಇದ್ದಿದ್ರೆ ಹತ್ತೊಂಬತ್ತು ವರ್ಷ ಕಂಡೋರ ಒಳ ಉಡುಪು ಒಗೀತಿರ್ಲಿಲ್ಲ."

ಅತ್ತೆ ಎದ್ದು ಕುಳಿತಿದ್ದರು. "ಲೋ, ಮೇಲಿನವಳ ಮೇಲೇನಾದ್ರೂ ಕಣ್ಣು ಬಿದ್ದಿದೆಯೇನೋ ನಿಂಗೆ?"

"ಅಮ್ಮಾ!"

"ಅಲ್ಲಾ, ಕೇಳಿದೆ. ಹಾಗಿದ್ರೆ ಕಿವಿ ಹಿಂಡಿ ಎಳ್ಕೊಂಡ್ ಹೋಗ್ಬಹುದಿತ್ತು. ಈ ಕಬ್ಬಿಣದವಳಿಗೆ ಎಲ್ಲಿಂದ ಕಿವಿ ಹುಡುಕ್ಲಿ?"

ಯಾರೂ ನಗಲಿಲ್ಲ. ಕಿಟಕಿಯಲ್ಲಿ ಯಾರದೋ ಬೂಟುಗಳು ಹಾದುಹೋದವು.

"ಗುರುವಾರ ಆಚೆ ಕಡೆಗೆ ಬಸ್ಸಿದೆ," ಎಂದೆ. "ಪರವಾನಗಿ ಮುಗಿಯೋದು ಶುಕ್ರವಾರ. ನಾನು ಗುರುವಾರ ಹೋಗ್ತೀನಿ. ನೀವು ಬನ್ನಿ. ಅತ್ತೆ, ನೀವು?"

ಅತ್ತೆ ಮಗನನ್ನು ಬಿಟ್ಟು ಬರುವುದಿಲ್ಲ ಎಂದೇ ನಾನು ಎಣಿಸಿದ್ದೆ. ಪರವಾನಗಿ ಮುಗಿದ ಮುದುಕಿಯನ್ನು ಯಾರು ದಬ್ಬುತ್ತಾರೆ ಎಂದು ಅವರೇ ಒಮ್ಮೆ ಅಂದಿದ್ದರು. ಅವರು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು.

"ನಾನು ಅವಳ ಜೊತೆ ಹೋಗ್ತೀನಿ ಕಣಪ್ಪಾ," ಎಂದರು ಮಗನಿಗೆ. "ನಿನ್ನ ಮಷಿನ್ ನಂಗೆ ಸ್ನಾನ ಮಾಡ್ಸಲ್ಲ. ಮೊಮ್ಮಗಳು ಹೆತ್ತಿದ್ದನ್ನ ನೋಡಿ ಸಾಯ್ತೀನಿ. ನೀನೂ ಬಾ. ಒಂದು ಸಹಿ ತಾನೇ? ನಿಮ್ಮಪ್ಪ ಹೆಬ್ಬೆಟ್ಟು ಒತ್ತಿ ಒಂದು ಮನೇನೇ ಬಿಟ್ಟು ಬಂದಿದ್ರು, ನಾವೇನು ಸತ್ವಾ?"

ನಮ್ಮವರು ಬರುತ್ತೇನೆ ಎಂದರು. ನಿಜವಾಗಿಯೂ ಎಂದರು. ಬುಧವಾರ ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ಹಾಕಿಕೊಂಡು ಸುಂಕದ ಕಚೇರಿಗೆ ಹೊರಟರು. ನಾನೂ ಜೊತೆಗೆ ಹೋದೆ. ಮೀಸೆಸಾಹೇಬ ಕಾಗದ ಎದುರಿಗಿಟ್ಟು, ಸಹಿಯ ಜಾಗಕ್ಕೆ ಬೆರಳಿಟ್ಟ. ನಮ್ಮವರು ಪೆನ್ನು ಹಿಡಿದರು. ಕೈ ಕಾಗದದ ಮೇಲೆ ಹೋಯಿತು, ನಿಂತಿತು. ಅಂಗಿಯ ತೋಳಿನ ಎರಡು ಗೆರೆಗಳನ್ನು ನೋಡುತ್ತ ನಿಂತಿದ್ದರಲ್ಲ, ಅದೇ ಮುಖ. ಹಣೆಯ ಮೇಲೆ ಅದೇ ಬೆವರು.

ಸಹಿ ಹಾಕಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಹಾಕುತ್ತಿದ್ದರು. ಹಾಕಿ, ಊರಿಗೆ ಬಂದು, ಬದುಕಿರುವಷ್ಟು ದಿನ ಆ ಪೆನ್ನನ್ನು ನನ್ನ ಕಡೆಗೇ ಚಾಚಿರುತ್ತಿದ್ದರು.

ಪೆನ್ನನ್ನು ಮೇಜಿನ ಮೇಲಿಟ್ಟರು. "ಇನ್ನೊಂದು ವಾರ ನೋಡ್ತೀನಿ," ಎಂದರು. "ನೀವು ಹೋಗ್ತಿರಿ. ವ್ಯಾನಿದೆಯಲ್ಲ, ಉತ್ತರ ಬಂದ ದಿನವೇ ಹೊರಟು ದಾರೀಲೇ ನಿಮ್ಮನ್ನ ಹಿಡೀತೀನಿ."

ಗುರುವಾರ ಅವರೇ ನಮ್ಮನ್ನು ಬಸ್ಸು ಹತ್ತಿಸಿದರು. ಅತ್ತೆಯ ಸೀಟಿನ ಹಿಂದೆ ಒರಗಲು ಒಂದು ದಿಂಬು ಇಟ್ಟರು. ಅದರ ಕವರಿಗೆ ಒಂದು ಸುಕ್ಕಿರಲಿಲ್ಲ. ಔಷಧದ ಚೀಲ ಎಲ್ಲಿದೆ ಎಂದು ಎರಡು ಸಲ ಕೇಳಿದರು. ಬಸ್ಸು ಹೊರಟಾಗ ಕೈ ಬೀಸಿ, ನಾವು ತಿರುವಿನಲ್ಲಿ ಮರೆಯಾಗುವ ಮೊದಲೇ ಇಳಿಜಾರಿನಲ್ಲಿ ಲಾಡ್ಜಿನ ಕಡೆ ನಡೆದರು. ಬೇಗ ಬೇಗ ನಡೆದರು. ಬಾಯ್ಲರನ್ನು ಹೊತ್ತಿಸಿಟ್ಟು ಬಂದಿದ್ದರು.

ಗಡಿಯಲ್ಲಿ ನಮ್ಮಿಬ್ಬರ ಪಾಸ್‌ಪೋರ್ಟಿಗೆ ಟಪ್ಪೆಂದು ಮುದ್ರೆ ಬಿತ್ತು. ಅಷ್ಟೇ. ಇಷ್ಟೇನಾ ಎಂದು ಅತ್ತೆ ಹಿಂದೆ ತಿರುಗಿ ನೋಡಿದರು.

ನಾಲ್ಕನೆಯ ದೇಶವನ್ನು ಬಸ್ಸಿನಲ್ಲಿ ದಾಟಿದೆವು. ಅತ್ತೆಗೆ ಎರಡು ಗಂಟೆಗೊಮ್ಮೆ ಕೆಳಗಿಳಿದು ಗಾಳಿ ಬೇಕು, ಬಸ್ಸಿನವರು ನಿಲ್ಲಿಸುವುದಿಲ್ಲ. ಹಾಗಾಗಿ ತುಂಡು ತುಂಡು ಬಸ್ಸು ಹಿಡಿದು, ಊರೂರಿಗೆ ಇಳಿದು, ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಅವರನ್ನು ಬೆಂಚಿನ ಮೇಲೆ ಕೂರಿಸಿ ನೀರು ಹುಡುಕಿ ತಂದೆ. ಪ್ರತಿ ನಿಲ್ದಾಣದಲ್ಲೂ ಅತ್ತೆ ಬಂದ ದಾರಿಯನ್ನೇ ನೋಡುತ್ತ ಕೂರುತ್ತಿದ್ದರು. ಬಿಳೀ ವ್ಯಾನು ಕಂಡರೆ ಸಾಕು, "ಅವನೇ ಇರ್ಬೇಕು ನೋಡೇ," ಎನ್ನುತ್ತಿದ್ದರು. ಮೊದಲು ನಾನೂ ನೋಡುತ್ತಿದ್ದೆ. ಆಮೇಲೆ ಚೀಲಗಳ ಮೇಲೆ ಕಣ್ಣಿಟ್ಟೆ.

ಐದನೆಯ ದೇಶದಲ್ಲಿ ರೈಲು. ಅತ್ತೆಗೆ ಕೆಳಗಿನ ಬರ್ತು ಸಿಕ್ಕಿತು. ಅವರು ದಿಂಬಿನ ಕವರನ್ನು ಕೈಯಿಂದ ಸವರುತ್ತ, "ಅವನದು ತಪ್ಪು ಅಂತೀಯಾ?" ಎಂದು ಕೇಳಿದರು.

"ತಪ್ಪು ಅನ್ನೋಕೆ ಬರಲ್ಲ ಅತ್ತೆ. ಅವರಿಗೆ ಹೊರಗೆ ಬರೋಕೆ ಆಗ್ಲಿಲ್ಲ."

"ನೀನು ಎಳೀಬಹುದಿತ್ತು."

"ಎಳೀಬಹುದಿತ್ತು."

ಅವರು ದಿಂಬನ್ನು ತಲೆಯಡಿಗೆ ಎಳೆದುಕೊಂಡು ಮಲಗಿದರು.

ಊರು ಮುಟ್ಟಿ ವಾರ ಕಳೆದ ಮೇಲೆ ಮಗಳಿಗೆ ನೋವು ಬಂತು. ಆಸ್ಪತ್ರೆಯ ಕೋಣೆಯಲ್ಲಿ ಅವಳು ನನ್ನ ಮುಂಗೈಯನ್ನು ಹಿಡಿದ ಹಿಡಿತಕ್ಕೆ ಬಂದ ಕಲೆ ಎಷ್ಟೋ ದಿನ ಹಾಗೇ ಇತ್ತು. ಹೆಣ್ಣುಮಗು. ನರ್ಸು ಬಟ್ಟೆಯಲ್ಲಿ ಸುತ್ತಿ ಮೊದಲು ನನ್ನ ಕೈಗೇ ಕೊಟ್ಟಳು. ಅತ್ತೆ ಅದರ ಕಿವಿಯ ಹತ್ತಿರ ಬಗ್ಗಿ, "ಬಂದ್ಯಾ ತಾಯಿ? ನಾವೂ ಈಗ್ತಾನೇ ಬಂದ್ವಿ," ಎಂದರು.

ತಲೆಕಚೇರಿಯ ಉತ್ತರ ಕೆಲವು ತಿಂಗಳ ಮೇಲೆ ಬಂತಂತೆ. ಕ್ಷಮೆ ಇಲ್ಲ. ಸುಂಕ, ದಂಡ ಎರಡನ್ನೂ ಲಾಡ್ಜಿನಾಕೆ ಕಟ್ಟಿದಳು. ಪ್ರೆಸ್ಸು ಈಗ ಅವಳದು, ಅದನ್ನು ಓಡಿಸುವವರೆಂದು ನಮ್ಮವರಿಗೆ ಕೆಲಸದ ಪರವಾನಗಿ ಮಾಡಿಸಿಕೊಟ್ಟಿದ್ದಾಳೆ. ಬೀದಿಯ ಆ ತುದಿಯಲ್ಲಿ ಇನ್ನೊಂದು ಲಾಡ್ಜು ಎದ್ದಿದೆ, ಅದರ ಬಟ್ಟೆಯೂ ಅಲ್ಲಿಗೇ ಬರುತ್ತದೆ. ಭಾನುವಾರ ಫೋನು ಮಾಡುತ್ತಾರೆ. ಮೊಮ್ಮಗಳಿಗೆ ಹಲ್ಲು ಬಂತಾ, ನಡೀತಾಳಾ ಎಂದು ಕೇಳುತ್ತಾರೆ. ಹಿಂದೆ ಹಬೆಯ ಸದ್ದು ಕೇಳುತ್ತದೆ. ಈ ಮಳೆ ಮುಗಿದ ಮೇಲೆ ಬರುತ್ತೇನೆ ಎನ್ನುತ್ತಾರೆ. ಎರಡು ಮಳೆ ಮುಗಿದಿವೆ.

ಮೈದುನನ ಮಳಿಗೆಯಲ್ಲಿ ನಾನು ಕರೆಂಟಿನ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ಕರೆಂಟು ಹೋದರೆ ಕೆಂಡದ್ದು. ಹೊಟ್ಟೆಗೆ ಕಡಿಮೆಯಾಗಿಲ್ಲ.

ಮಗಳ ಹೆರಿಗೆಗೆ ನಾನು ಇದ್ದೆ. ನಮ್ಮವರು ಮಾತ್ರ ಜೊತೆಗಿಲ್ಲ.